ಕಲ್ಲುಗುಡ್ಡದ ಒರತೆ

ಕಾಡೊಂದು ನೋಡನೋಡುತ್ತಲೇ ಸಿರಿವಂತವಾಗಿತ್ತು. ಅಲ್ಲಿನ ಕೆರೆಯ ದಡದಲ್ಲಿ ಜಿಂಕೆಗಳು ಮೊಣಕಾಲುದ್ದದ ಹುಲ್ಲು ಮೇಯುತ್ತಿದ್ದವು. ದೂರದ ಕಾಡುಗಳಲ್ಲೂ ಅದರದೇ ಮಾತು. ಅದೇ ಕಾಡಿನ ಕಲ್ಲುಗುಡ್ಡದಲ್ಲಿ ಮಾತ್ರ ಮೊಲಗಳು ಒಣಬೇರು ಕಡಿದುಕೊಂಡು ಬದುಕಿದ್ದವು.

ಜಿಂಕೆಗಳು ಮರುಕಪಟ್ಟು ಗುಡ್ಡಕ್ಕೆ ಹುಲ್ಲು ಕಳಿಸತೊಡಗಿದವು. ಹೊರೆ ಹೊರುವ ಕೆಲಸ ಕಾಡುಹಂದಿಯದು. ಮುಕ್ಕಾಲು ಪಾಲು ದಾರಿಯಲ್ಲೇ ಅದರ ಹೊಟ್ಟೆ ಸೇರುತ್ತಿತ್ತು. ಉಳಿದದ್ದನ್ನು ಗುಡ್ಡದಲ್ಲಿ ಚೆಲ್ಲಿ, ಸಿದ್ದವ್ವ ಎಂಬ ಮೊಲವನ್ನು ಕರೆಯುತ್ತಿತ್ತು. ಗುಡ್ಡದಲ್ಲೆಲ್ಲ ಅವಳ ಮರಿಯೇ ಬಡಕಲು.

"ಮರೀನ ಕರಕೊಂಡು ಬಾ ತಂಗಿ. ಪಕ್ಕೆಲುಬು ಕಂಡರೇ ಜಿಂಕೆಗಳ ಮನಸ್ಸು ಕರಗುವುದು."

ಸಿದ್ದವ್ವನಿಗೆ ನಾಚಿಕೆಯಾಗುತ್ತಿತ್ತು. ಆದರೂ ಕೆರೆಗೆ ಹೋಗಿ, ಮರಿಯನ್ನು ಜಿಂಕೆಗಳ ಮುಂದೆ ಬಿಟ್ಟು, ತಲೆ ತಗ್ಗಿಸಿ ನಿಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಬೇರಿಗಾಗಿ ಕೆರೆಯುತ್ತಿದ್ದಾಗ ಅವಳ ಕಾಲು ಒದ್ದೆಯಾಯಿತು. ಕೆಳಗೆ ಒರತೆ! ಮೊಲಗಳೆಲ್ಲ ಸೇರಿ ಮಣ್ಣು ಬಿಡಿಸಿದವು. ಸುತ್ತ ಗರಿಕೆ ಚಿಗುರಿತು. ಸಿದ್ದವ್ವನ ಮರಿ ಮೊದಲ ಸಲ ಕುಪ್ಪಳಿಸಿತು.

"ಅಣ್ಣ, ಇನ್ನು ನಾವು ಕೆರೆಗೆ ಬರುವುದಿಲ್ಲ. ನಮ್ಮ ಹುಲ್ಲು ನಮಗಾಗುತ್ತದೆ," ಎಂದಳು ಅವಳು.

"ಒಳ್ಳೆಯದಾಯಿತು ತಂಗಿ," ಎಂದಿತು ಹಂದಿ.

ಆ ಸಂಜೆಯೇ ಅದು ಗರಿಕೆಯನ್ನೆಲ್ಲ ಬುಡಸಮೇತ ಕಿತ್ತು, ಒರತೆಯ ಮೇಲೆ ದೊಡ್ಡ ಬಂಡೆ ಉರುಳಿಸಿತು. ಸಿದ್ದವ್ವ ಪೊದೆಯ ಮರೆಯಿಂದ ನೋಡಿದಳು. ಹಂದಿಗೆ ಅಡ್ಡ ನಿಲ್ಲುವ ಶಕ್ತಿ ಅವಳಲ್ಲಿರಲಿಲ್ಲ.

ಬೇಸಿಗೆ ಬಂತು. ಮರಿ ಮಲಗಿದಲ್ಲಿಂದ ಏಳಲಿಲ್ಲ. ಒಂದು ಮಧ್ಯಾಹ್ನ ಅದರ ಉಸಿರು ನಿಂತಿತು.

ಹಂದಿ ಮತ್ತೆ ಕರೆಯಲು ಬಂದಾಗ ಸಿದ್ದವ್ವ ಸತ್ತ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊರಟಳು. ಹಂದಿ ಜಿಂಕೆಗಳ ಮುಂದೆ ನಿಂತು, "ನೋಡಿ, ಕೊಟ್ಟ ಹುಲ್ಲು ಸಾಲುತ್ತಿಲ್ಲ. ಎರಡು ಹೊರೆ ಮಾಡಿ," ಎಂದಿತು.

ಸಿದ್ದವ್ವ ಮರಿಯನ್ನು ಕೆಳಗಿಟ್ಟಳು. "ನಮಗೊಂದು ಒರತೆ ಸಿಕ್ಕಿತ್ತು. ನಮ್ಮ ಹೊಟ್ಟೆ ತುಂಬಿದರೆ ತನ್ನ ಹೊರೆ ತಪ್ಪುತ್ತದೆಂದು ಇವನು ಅದನ್ನು ಬಂಡೆಯಿಂದ ಮುಚ್ಚಿದ."

ಜಿಂಕೆಗಳು ಕೊಂಬು ತಗ್ಗಿಸಿ ಹಂದಿಯನ್ನು ಅಟ್ಟಿಸಿಕೊಂಡು ಹೋದವು. ಓಡುವ ಭರದಲ್ಲಿ ಅದು ಕೊರಕಲಿಗೆ ಬಿದ್ದು ಕಾಲು ಮುರಿದುಕೊಂಡಿತು. ಹಸಿವು ಹಸಿವು ಎಂದು ಕೂಗಿತು. ಯಾರೂ ಇಳಿಯಲಿಲ್ಲ.

ಹಿರಿಯ ಜಿಂಕೆ ಕಣ್ಣು ತುಂಬಿಕೊಂಡು, "ಇನ್ನು ಮೇಲೆ ಎರಡು ಹೊರೆ ಕಳಿಸುತ್ತೇವಮ್ಮ," ಎಂದಿತು.

"ಹುಲ್ಲು ಬೇಡ. ನೀವು ನಾಲ್ಕು ಜನ ಬಂದು ಆ ಬಂಡೆ ಸರಿಸಿಕೊಡಿ."

"ಗುಡ್ಡ ಹತ್ತಿ ನಮಗೆ ಅಭ್ಯಾಸವಿಲ್ಲ. ಹುಲ್ಲಾದರೆ ನಾಳೆಯೇ ಕಳಿಸಬಹುದು."

ಸಿದ್ದವ್ವ ಗುಡ್ಡಕ್ಕೆ ಹಿಂತಿರುಗಿದಳು. ಈಗ ಹಂದಿಯ ಭಯವಿರಲಿಲ್ಲ; ಮೊಲಗಳು ಬಂಡೆಯ ಅಡಿಗೆ ಬಿಲ ತೋಡತೊಡಗಿದವು. ಉಗುರು ಸವೆದು ರಕ್ತ ಬಂತು. ಕೊನೆಗೂ ನೀರು ಸಿಕ್ಕಿತು. ಬೇರೆಯವರ ಮರಿಗಳು ಕುಡಿಯುವುದನ್ನು ಸಿದ್ದವ್ವ ನಿಂತು ನೋಡಿದಳು.

ನೀತಿ: ಬಡವರ ಹಸಿವಿನಿಂದ ಹೊಟ್ಟೆ ಹೊರೆಯುವವನು ಆ ಹಸಿವು ತೀರಲು ಬಿಡುವುದಿಲ್ಲ, ಕುಳಿತಲ್ಲಿಂದಲೇ ಮರುಗುವ ದಾನಿಗೆ ಅದು ತಿಳಿಯುವುದೂ ಇಲ್ಲ.