ಹೊಗೆಬಂಡೆ

ಕರೇಕಲ್ಲು ದುರ್ಗದ ಮೂರನೆಯ ಬಾಗಿಲು ದಾಟಿ ಎಡಕ್ಕೆ ಹತ್ತಿದರೆ ಒಂದು ಬೋಳುಬಂಡೆ ಸಿಗುತ್ತದೆ. ಅದೇ ಹೊಗೆಬಂಡೆ. ಈಗ ಅದರ ಅಂಚಿಗೆ ಕಬ್ಬಿಣದ ಕಂಬಿ ಹಾಕಿದ್ದಾರೆ. ಬಂದವರು ಅದಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಮಂಜು ಕವಿಯುವುದರಿಂದ ಈ ಹೆಸರು ಎಂದು ಕೆಲವರು, ಫಿರಂಗಿಯ ಹೊಗೆಯಿಂದ ಎಂದು ಕೆಲವರು ತಾವೇ ಹೇಳಿಕೊಂಡು ಇಳಿದು ಹೋಗುತ್ತಾರೆ. ಎರಡೂ ಅಲ್ಲ. ಇಲ್ಲಿ ಮಂಜು ಅಪರೂಪ. ಫಿರಂಗಿ ಇರಲೇ ಇಲ್ಲ. ಬಂಡೆಯ ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಬಯಲಿನಾಚೆ ಸೀಗೆಹಟ್ಟಿ ಕಾಣುತ್ತದೆ. ಹೆಸರು ಬಂದದ್ದು ಅಲ್ಲಿಂದ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ದುರ್ಗಕ್ಕೆ ಮುತ್ತಿಗೆ ಬಿತ್ತು. ಸೀಗೆಹಟ್ಟಿಯ ಪಾಲಯ್ಯ ಈ ಬಂಡೆಯ ಕಾವಲಿಗಿದ್ದ. ಯುಗಾದಿ ಮುಗಿಸಿ ಬಂದವನು ಮತ್ತೆ ಕೆಳಗಿಳಿಯಲಾಗಲಿಲ್ಲ. ಊರಿಗೂ ದುರ್ಗಕ್ಕೂ ನಡುವೆ ಶತ್ರುವಿನ ದಂಡು ಬೀಡುಬಿಟ್ಟಿತ್ತು. ಮನೆಯಲ್ಲಿ ಕಾಯಿಲೆಯ ತಾಯಿ, ತಂಗಿ ಬೋರಕ್ಕ. ಅವನೊಬ್ಬನೇ ಮಗ. ಹೊರಡುವಾಗ ತಾಯಿ, "ನಮ್ಮ ಒಲೆ ಹೊಗೆ ಕಾಣೋವರೆಗೂ ನಾನಿದೀನಿ ಅಂದ್ಕೋ ಮಗಾ" ಎಂದಿದ್ದಳಂತೆ. ಅವರ ಮನೆ ಊರಿಂದ ಬೇರೆಯಾಗಿ ದಿಬ್ಬದ ಮೇಲಿತ್ತು. ಅದರ ಹೊಗೆ ಬೇರೆ ಮನೆಗಳ ಹೊಗೆಯೊಡನೆ ಬೆರೆಯುತ್ತಿರಲಿಲ್ಲ. ದಿನವೂ ಬೆಳಿಗ್ಗೆ ಅದನ್ನು ಕಂಡ ಮೇಲೆಯೇ ಅವನು ಗಂಜಿ ಮುಟ್ಟುತ್ತಿದ್ದ. ಗಂಜಿಯೆಂದರೆ ಹುರುಳಿ ಬೇಯಿಸಿದ ನೀರು. ಉಪ್ಪು ಮುಗಿದಿತ್ತು. ಬಂಡೆಯ ದೊಣೆಯಲ್ಲಿದ್ದ ನೀರು ಹಸಿರಾಗಿತ್ತು. ಆಷಾಢದ ಗಾಳಿಗೆ ಹೊದೆಯಲು ಇಬ್ಬರಿಗೊಂದು ಕಂಬಳಿ. ಆ ಕಂಬಳಿಯ ಇನ್ನೊಬ್ಬ ಪಾಲುದಾರ, ವಯಸ್ಸಾದ ಕಾಟಣ್ಣ, ಅವನನ್ನು ಕೆಣಕುತ್ತಿದ್ದ.

"ಏನ್ಲಾ ಪಾಲಾ, ನಿಮ್ಮವ್ವ ಮುದ್ದೆ ತೊಳಸಿದ್ಲಾ?"

"ಇನ್ನೂ ಎಸರಿಟ್ಟವ್ಳೆ ಕಾಟಣ್ಣ."

"ನಂಗೂ ಒಂದು ಉಂಡೆ ಇಡು ಅನ್ನು. ಉಪ್ಪು ಮರೀಬ್ಯಾಡ ಅನ್ನು."

ಹೀಗೆ ದಿನ ಸಾಗಿತು. ಯಾವ ತಿಥಿ, ಯಾವ ವಾರ ಎಂಬುದು ಅವರಲ್ಲಿ ಯಾರಿಗೂ ನೆನಪಿರಲಿಲ್ಲ. ಒಂದು ಬೆಳಿಗ್ಗೆ ಊರಿನ ಹೊಗೆಯೆಲ್ಲ ಎದ್ದಿತು, ದಿಬ್ಬದ ಮನೆಯದು ಏಳಲಿಲ್ಲ. ಬಿಸಿಲೇರಿತು. ಆಗಲೂ ಇಲ್ಲ. ಈ ಸೀಮೆಯಲ್ಲಿ ಸಾವಾದ ಮನೆಯಲ್ಲಿ ಹೆಣ ಎತ್ತುವವರೆಗೆ ಒಲೆ ಹಚ್ಚುವುದಿಲ್ಲ. ಪಾಲಯ್ಯ ಎದ್ದು ನಿಂತ. "ಎಲ್ಲಿಗ್ಲಾ?" ಎಂದು ಕಾಟಣ್ಣ ಅವನ ರಟ್ಟೆ ಹಿಡಿದ. "ಅವ್ವಂಗೆ ಮಣ್ಣು ಹಾಕಬೇಕು, ಬಿಡು" ಎಂದ ಪಾಲಯ್ಯ. ಕಾಟಣ್ಣ ಬಿಟ್ಟ. ಬಂಡೆಯ ಸೀಳಿನಲ್ಲಿ ಇಳಿದು, ಜಾಲಿಯ ಮರೆಯಲ್ಲಿ ತೆವಳಿ, ಪಾಲಯ್ಯ ದಂಡನ್ನು ದಾಟಿಯೂಬಿಟ್ಟಿದ್ದ ಎನ್ನುತ್ತಾರೆ. ಆಮೇಲೆ ಸಂಜೆಗತ್ತಲಲ್ಲಿ ಬಯಲಿನಲ್ಲಿ ಓಡಿದ. ದಂಡಿನ ಕಾವಲಿನವರು ಬೆನ್ನಿಗೆ ಗುಂಡು ಹೊಡೆದರು. ಮನೆ ಅಲ್ಲಿಂದ ಕೂಗಳತೆ.

ತಾಯಿ ಸತ್ತಿರಲಿಲ್ಲ. ಅಂದು ನಾಗರಪಂಚಮಿ. ಊರವರು ಆ ದಿನ ಹುತ್ತಕ್ಕೆ ಹಾಲೆರೆಯುವ ಹೊತ್ತಿಗಷ್ಟೇ ಒಲೆ ಆರಿಸುತ್ತಿದ್ದರು. ಅಣ್ಣ ಜೀವಸಹಿತ ಮರಳಲಿ ಎಂದು ಬೋರಕ್ಕ ಹರಕೆ ಹೊತ್ತು, ದಿನವಿಡೀ ಒಲೆ ಹಚ್ಚದೆ, ಹುತ್ತಕ್ಕೆ ಹಾಲೆರೆದು ಬಂದು, ತಾಯಿಗೂ ತನಗೂ ನೆನೆಗಡಲೆ ತಂಬಿಟ್ಟು ಇಟ್ಟುಕೊಂಡು ಕುಳಿತಿದ್ದಳು. ಗುಂಡಿನ ಸದ್ದು ಅವಳಿಗೂ ಕೇಳಿಸಿತ್ತಂತೆ. ಯುದ್ಧಕಾಲ, ಯಾರೋ ಏನೋ ಎಂದುಕೊಂಡಳು. ಮರುದಿನ ಬೆಳಿಗ್ಗೆ ಎಂದಿನಂತೆ ಒಲೆ ಹಚ್ಚಿದಳು. ಬಂಡೆಯ ಮೇಲಿದ್ದ ಕಾಟಣ್ಣ ಆ ಹೊಗೆ ಕಂಡ. ಹೆಣ ಎತ್ತಿರಬೇಕು, ಹುಡುಗ ಮಣ್ಣು ಹಾಕಿರಬೇಕು ಎಂದು ಸಮಾಧಾನಪಟ್ಟ. ಸ್ವಲ್ಪ ಹೊತ್ತಿಗೆ ಹೊಗೆ ತಟ್ಟನೆ ನಿಂತುಹೋಯಿತು. ಮೇಯಿಸಲು ದನ ಹೊಡೆದುಕೊಂಡು ಹೋದವರು ಪಾಲಯ್ಯನನ್ನು ಹೊತ್ತು ತಂದು ಅಂಗಳದಲ್ಲಿ ಮಲಗಿಸಿದ್ದರು. ಬೋರಕ್ಕ ಉರಿಯುವ ಒಲೆಗೆ ನೀರು ಸುರಿದಿದ್ದಳು. ಮುತ್ತಿಗೆ ತೆರವಾದ ಮೇಲೆ ಕಾಟಣ್ಣ ಆ ಮನೆಗೆ ಹೋಗಿ ತಾಯಿಯನ್ನು ಕಂಡ. ಇಬ್ಬರೂ ಹೊದೆದಿದ್ದ ಕಂಬಳಿಯನ್ನು ಬಾಗಿಲಲ್ಲೇ ಇಟ್ಟು ಹಿಂತಿರುಗಿದನಂತೆ.

ಸೀಗೆಹಟ್ಟಿಯವರು ಅಂದಿನಿಂದ ಪಂಚಮಿಗೆ ಒಲೆ ಆರಿಸುವುದಿಲ್ಲ. ಬೇರೆ ಊರುಗಳಲ್ಲಿ ಒಲೆ ತಣ್ಣಗಿರುವ ದಿನ ಇಲ್ಲಿ ಬೆಳಕು ಹರಿಯುತ್ತಲೇ ಪ್ರತಿ ಮನೆಯ ಹೆಣ್ಣುಮಗಳೂ ಅಂಗಳದಲ್ಲಿ ಹಸಿ ಹುಲ್ಲು ಸುಡುತ್ತಾಳೆ. ಗ್ಯಾಸ್ ಬಂದ ಮನೆಯವರೂ ಬಿಟ್ಟಿಲ್ಲ. ಆ ದಿನ ಈ ಬಂಡೆ ಹತ್ತಿದವರಿಗೆ ಬಯಲಿನಾಚೆ ಮನೆಮನೆಯಿಂದ ಹೊಗೆ ಏಳುವುದು ಕಾಣುತ್ತದೆ. ಆ ಬೆಂಕಿಯ ಮೇಲೆ ಏನನ್ನೂ ಬೇಯಿಸುವುದಿಲ್ಲ. ಕಾಣಲಿ ಎಂದಷ್ಟೇ ಹಚ್ಚುತ್ತಾರೆ.