ಡಬ್ಬಿಯಲ್ಲಿಟ್ಟ ಸೀರೆ

ನೇಕಾರ ದಾನಪ್ಪನ ಕೈಯ ಸೀರೆಗಳನ್ನು ಊರೂರಿನ ಹೆಣ್ಣುಮಕ್ಕಳು ಉಡುತ್ತಿದ್ದರು. ಅವನ ಹೆಂಡತಿ ಗೌರವ್ವನಿಗೆ ಮಾತ್ರ ಅಂಥದ್ದೊಂದೂ ಇರಲಿಲ್ಲ.

ಮದುವೆಯಾದ ಮೂರನೆಯ ವರ್ಷ ಅವನ ಮಗ್ಗದಲ್ಲಿ ದಾಳಿಂಬೆ ಬಣ್ಣದ ಸೀರೆಯೊಂದು ಬಂತು. ರೇಷ್ಮೆ ಸೆರಗಿನದು. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಸೇರಿಸಿಕೊಟ್ಟವಳು ಗೌರವ್ವನೇ. ಕೆಲಸ ಮುಗಿದ ದಿನ ಅವಳು ಸೆರಗನ್ನು ಭುಜದ ಮೇಲೆ ಹಾಕಿಕೊಂಡು ನೋಡಿದಳು. "ರೀ, ಇದೊಂದು ನನಗಿರಲಿ" ಎಂದಳು.

ದಾನಪ್ಪನಿಗೂ ಕೊಡುವ ಆಸೆಯೇ. ಆದರೆ ಅಷ್ಟರಲ್ಲಿ ವ್ಯಾಪಾರಿ ನಗದು ಹಿಡಿದು ಬಾಗಿಲಿಗೆ ಬಂದ. ನೇಕಾರನ ಬುದ್ಧಿ ನೋಡಿ, ಕೈಯಲ್ಲಿದ್ದ ಸೀರೆ ಕೊಟ್ಟುಬಿಟ್ಟ.

"ಸೀರಿ ಹೋದ್ರೇನಾತು? ಇದರ ಬೆಲಿ ನೂರಾಹತ್ತು ರೂಪಾಯಿ ಡಬ್ಬ್ಯಾಗ ಇಡತೀನಿ. ರೊಕ್ಕ ಇದ್ರ ಸೀರಿ ಇದ್ದಂಗ. ನೀ ಬೇಕಂದ ದಿನ ತರೋಣು" ಎಂದು ಹೆಂಡತಿಗೆ ಹೇಳಿದ.

ಹತ್ತು ರೂಪಾಯಿಯ ಹನ್ನೊಂದು ನೋಟುಗಳನ್ನು ಹಿತ್ತಾಳೆ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿದು, ಅಟ್ಟದ ಮೇಲೆ ಇಟ್ಟ.

ಮಕ್ಕಳೇ, ಆಗ ಹತ್ತು ರೂಪಾಯಿ ಅಂದರೆ ಏನೆಂದುಕೊಂಡಿರಿ? ಒಂದು ನೋಟು ಹಿಡಿದು ಸಂತೆಗೆ ಹೋದರೆ ಚೀಲ ತುಂಬ ಕಾಯಿಪಲ್ಲೆ, ಬೆಲ್ಲ, ಒಳ್ಳೆಣ್ಣೆ ಎಲ್ಲ ಬರುತ್ತಿತ್ತು. ಮೇಲೆ ಚಹಾ ಕುಡಿದು, ಚಿಲ್ಲರೆ ಉಳಿಸಿಕೊಂಡು ಮನೆಗೆ ಬರಬಹುದಿತ್ತು. ಬೆಳಗಾದರೆ ಓಣಿಯ ಉದ್ದಕ್ಕೂ ಮಗ್ಗದ ಸದ್ದು. ಬಿಸಿಲಿಗೆ ಹರವಿದ ನೂಲಿನ ಗಂಜಿ ವಾಸನೆ. ಒಂದು ಮನೆಯ ಮಗ್ಗ ನಿಂತರೆ ಸಾಕು, ಎದುರು ಮನೆಯವರು "ಯಾಕ, ಮೈಯಾಗ ಆರಾಮಿಲ್ಲೇನು?" ಎಂದು ಎದ್ದು ಬರುತ್ತಿದ್ದರು.

ವರ್ಷಗಳು ಹೋದವು. ಕಷ್ಟಗಳು ಬಂದವು. ಮನೆಯ ಮಗ್ಗವನ್ನೂ ಮಾರಬೇಕಾಯಿತು. ಆದರೂ ದಾನಪ್ಪ ಆ ಡಬ್ಬಿಗೆ ಕೈ ಹಾಕಲಿಲ್ಲ. ಅದು ಗೌರವ್ವನ ಸೀರೆ ಎಂದೇ ಅವನ ಲೆಕ್ಕ. ಹಬ್ಬಕ್ಕೊಮ್ಮೆ ಇಳಿಸಿ, ಧೂಳು ಒರೆಸಿ, ನೋಟುಗಳನ್ನು ಎಣಿಸಿ ಮತ್ತೆ ಇಡುವನು. ಹನ್ನೊಂದಕ್ಕೆ ಹನ್ನೊಂದು ಇರುತ್ತಿದ್ದವು. ಅವನ ಎದೆ ಉಬ್ಬುತ್ತಿತ್ತು.

ಐವತ್ತು ವರ್ಷದ ಮೇಲೆ ಮೊಮ್ಮಗಳ ಮದುವೆ ಗೊತ್ತಾಯಿತು. ಗೌರವ್ವ ಹತ್ತಿರ ಬಂದು ಕೂತು, "ರೀ, ಈಗ ನನ್ನ ಸೀರಿ ಕೊಡ್ರಿ" ಎಂದಳು. ಅದೇ ದಾಳಿಂಬೆ ಬಣ್ಣ, ಅದೇ ಸೆರಗು ಬೇಕು ಅವಳಿಗೆ.

ದಾನಪ್ಪ ಡಬ್ಬಿ ಬಗಲಲ್ಲಿ ಇಟ್ಟುಕೊಂಡು, ಹೆಂಡತಿಯನ್ನು ಕರೆದುಕೊಂಡು ಕಮಲಾಕ್ಷಿಯ ಅಂಗಡಿಗೆ ಹೋದ. ಕಮಲಾಕ್ಷಿ ಹಳೆಯ ನೇಕಾರ ಗೆಳೆಯನ ಮಗಳು. ಅವಳು ಸೀರೆ ಬಿಚ್ಚಿ ತೋರಿಸಿ, "ಐದು ಸಾವಿರ, ಅಜ್ಜಾರ" ಎಂದಳು.

ದಾನಪ್ಪನಿಗೆ ಸಿಟ್ಟು ನೆತ್ತಿಗೇರಿತು. "ನನಗ ಹೇಳತೀ ಏನವ್ವಾ? ಇದೇ ಸೀರಿ ನಾನೇ ನೇಯ್ದು ನೂರಾಹತ್ತಕ್ಕ ಮಾರೀನಿ. ಅದರೊಳಗ ಈಗ ಬಂಗಾರ ಸೇರಿಸ್ಯಾರೇನು?"

ಕಮಲಾಕ್ಷಿ ನಗಲಿಲ್ಲ. ಅವನಿಗೆ ನೀರು ಕೊಟ್ಟು ಕೇಳಿದಳು: "ಅವಾಗ ನೂರಾಹತ್ತು ರೂಪಾಯಿಗೆ ಜೋಳ ಎಷ್ಟು ಬರತಿತ್ರಿ?"

"ಒಂದು ಚೀಲ."

"ಈಗ ಒಂದು ಚೀಲಕ್ಕ ಎಷ್ಟ್ರಿ?"

"ಐದು ಸಾವಿರ" ಎಂದ ದಾನಪ್ಪ. ಮೊನ್ನೆಯಷ್ಟೇ ಮದುವೆಗೆಂದು ಜೋಳ ತಂದಿದ್ದ. ಚೀಲಕ್ಕೆ ಐದು ಸಾವಿರವನ್ನು ಅವನೇ ಎಣಿಸಿ ಕೊಟ್ಟಿದ್ದ.

"ಸೀರಿ ಅವಾಗನೂ ಒಂದು ಚೀಲ ಜೋಳ, ಈಗನೂ ಒಂದು ಚೀಲ ಜೋಳ. ಸೀರಿ ಎಲ್ಲಿತ್ತೋ ಅಲ್ಲೇ ಐತ್ರಿ, ಅಜ್ಜಾರ. ಡಬ್ಬ್ಯಾಗಿನ ರೊಕ್ಕ ಸವದು ಹೋಗೇತಿ."

ದಾನಪ್ಪ ಡಬ್ಬಿ ತೆರೆದು ನೋಟುಗಳನ್ನು ತಿರುಗಿಸಿ ನೋಡಿದ. ಒಂದೂ ಹರಿದಿರಲಿಲ್ಲ, ಇಲಿ ಮುಟ್ಟಿರಲಿಲ್ಲ, ಕಳ್ಳ ಬಂದಿರಲಿಲ್ಲ. ಐವತ್ತು ವರ್ಷ ಕಾದದ್ದು ಇದನ್ನೇ ಏನು ಎಂದು ಅವನಿಗೆ ಅಳು ಬಂದುಬಿಟ್ಟಿತು.

ಗೌರವ್ವ ಮನೆಯ ಹತ್ತಿರ ಬಂದಾಗ ಮೆಲ್ಲಗೆ ಹೇಳಿದಳು: "ನಾ ಅವತ್ತು ಸೀರಿ ಕೇಳಿದ್ದೆ. ರೊಕ್ಕ ಕೇಳಿದ್ದಿಲ್ಲ."

ಆ ಮಾತು ದಾನಪ್ಪನನ್ನು ಎರಡು ದಿನ ಕೂರಗೊಡಲಿಲ್ಲ. ಮೂರನೆಯ ದಿನ ಅವನು ಓಣಿಯಲ್ಲಿ ಉಳಿದಿದ್ದ ಒಂದೇ ಕೈಮಗ್ಗದ ಮನೆಗೆ ಹೋದ. "ಕೂಲಿಗೆ ಕೂಡತೀನಿ" ಎಂದ. ಎಪ್ಪತ್ತೈದು ವರ್ಷದ ಮುದುಕ. ಕಣ್ಣು ಮಂಜು. ಆದರೆ ಲಾಳಿ ಹಿಡಿದ ಕೂಡಲೇ ಕೈಗೆ ಎಲ್ಲ ನೆನಪಾಯಿತು. ನಾಲ್ಕು ಸೀರೆ ಕೂಲಿಗೆ ನೇಯ್ದ. ಆ ಕೂಲಿಯನ್ನು ಡಬ್ಬಿಗೆ ಹಾಕಲಿಲ್ಲ, ಅದೇ ಸಂಜೆ ದಾಳಿಂಬೆ ಬಣ್ಣದ ನೂಲು, ರೇಷ್ಮೆ ತಂದು, ಅದೇ ಮಗ್ಗದಲ್ಲಿ ಗೌರವ್ವನ ಸೀರೆಗೆ ಕೂತ. ಸೆರಗಿನ ಎಳೆ ಸೇರಿಸಲು ಕಣ್ಣು ಸಾಲಲಿಲ್ಲ. ಗೌರವ್ವ ಬಂದು ಪಕ್ಕದಲ್ಲಿ ಕೂತು, ಹಿಂದಿನ ಹಾಗೆಯೇ ಒಂದೊಂದಾಗಿ ಸೇರಿಸಿಕೊಟ್ಟಳು.

ಮದುವೆಗೆ ಸೀರೆ ಮುಗಿಯಲಿಲ್ಲ. ಹಳೆಯ ಸೀರೆಯಲ್ಲೇ ಗೌರವ್ವ ಮೊಮ್ಮಗಳಿಗೆ ಅಕ್ಕಿಕಾಳು ಹಾಕಿದಳು. ಮುಗಿದದ್ದು ನಾಗರಪಂಚಮಿಗೆ. ಅವತ್ತು ಡಬ್ಬಿಯ ನೂರಾಹತ್ತು ರೂಪಾಯಿಗೆ ಒಂದಿಷ್ಟು ಶೇಂಗಾ, ಒಂದಿಷ್ಟು ಬೆಲ್ಲ ಬಂತು. ಗೌರವ್ವ ಉಂಡಿ ಕಟ್ಟಿ ಅದೇ ಡಬ್ಬಿಗೆ ತುಂಬಿದಳು. ದಾಳಿಂಬೆ ಸೀರೆ ಉಟ್ಟು, ಸೆರಗು ಹೊದ್ದು, ಮನೆಮನೆಗೆ ಹೋಗಿ ಹಂಚಿದಳು.

ಸಂಜೆ ಡಬ್ಬಿ ಹಿಡಿದು ಬಂದವಳನ್ನು ದಾನಪ್ಪ ಕೇಳಿದ: "ಡಬ್ಬಿ ಖಾಲಿ ಆತೇನು?"

"ಹೂಂ, ಪೂರಾ ಖಾಲಿ" ಎಂದಳು ಗೌರವ್ವ. ಅಷ್ಟು ಖುಷಿಯಿಂದ ಅವಳು ಮಾತಾಡಿದ್ದನ್ನು ದಾನಪ್ಪ ಕೇಳಿ ಐವತ್ತು ವರ್ಷವಾಗಿತ್ತು.

ನೀತಿ: ಸುಮ್ಮನೆ ಮುಚ್ಚಿಟ್ಟ ಹಣದ ಎಣಿಕೆ ಹಾಗೇ ಇರುತ್ತದೆ, ಅದರ ಬೆಲೆ ಮಾತ್ರ ವರ್ಷ ವರ್ಷ ಸವೆಯುತ್ತದೆ. ಕೂಡಿಡುವುದಾದರೆ, ಬೆಲೆ ಏರಿದಂತೆ ತಾನೂ ಬೆಳೆಯುವ ಕಡೆ ಕೂಡಿಡಿ. ಇನ್ನು ಪ್ರೀತಿಯವರು ಕೇಳಿದ್ದನ್ನು ಕೊಡುವ ಶಕ್ತಿ ಇದ್ದಾಗ, ಅದರ ಬೆಲೆಯನ್ನು ಎತ್ತಿಡಬೇಡಿ, ಅದನ್ನೇ ಕೊಟ್ಟುಬಿಡಿ.