ಯಾರೂ ಕೇಳದ ಆಲ್ಬಂ

ಇನಾಸ್ ಮಾಸ್ಟರು ಹೊಳೆದಂಡೆಯ ಮನೆಯಲ್ಲಿ ಬೇಸ್ ಗಿಟಾರ್ ಕಲಿಸುತ್ತಿದ್ದರು. ಅವರ ಶಿಷ್ಯೆ ತಾರಿಣಿ ಅಂದು ಚಪ್ಪಲಿಯನ್ನು ಮೆಟ್ಟಿಲ ಮೇಲೇ ಒದ್ದು ಒಳಗೆ ಬಂದಳು.

"ಏನಾಯಿತು?"

"ಅನ್ಯಾಯ, ಮಾಸ್ಟರೇ! ಜಾಝ್‌ಗೆ ಫಂಕ್‌ನ ಕುಣಿತ ಬೆರೆಸಿ ಆಲ್ಬಂ ಮಾಡಿದೆ. ಪತ್ರಿಕೆಯವರು ಒಂದು ಸಾಲು ಬರೆಯಲಿಲ್ಲ. ರೇಡಿಯೊದವರು ತಿರುಗಿಯೂ ನೋಡಲಿಲ್ಲ. ಹಾಡುವವರ ಹೆಸರಿದ್ದಿದ್ದರೆ ಮುಗಿಬೀಳುತ್ತಿದ್ದರು. ಬೇಸ್‌ನವಳು ಮುಂದಾಳು ಅಂದರೆ ಅವರಿಗೆ ತಾತ್ಸಾರ."

"ಹೌದು."

"ಬೇಸ್ ಇರುವುದು ಹಿಂದೆ ನಿಂತು ದುಂ ದುಂ ಅನ್ನಲಿಕ್ಕಂತೆ! ಒಬ್ಬ ಮಹಾನುಭಾವ ನನ್ನ ಮುಖಕ್ಕೇ ಹೇಳಿದ."

"ಮೂರ್ಖ."

ಗುರುಗಳೂ ತನ್ನ ಕಡೆಗೇ ಇದ್ದಾರೆಂದು ಅವಳ ರೋಷ ಇನ್ನಷ್ಟು ಏರಿತು. "ಕಿವಿಯಿಲ್ಲದ ಜನ! ಇವರ ಮುಂದೆ ನುಡಿಸುವುದೂ ಒಂದೇ, ಗೋಡೆಯ ಮುಂದೆ ನುಡಿಸುವುದೂ ಒಂದೇ."

ಮಾಸ್ಟರು ಅವಳ ಆಲ್ಬಂ ಹಾಕಿದರು. ನಾಲ್ಕನೆಯ ಟ್ಯೂನಿನಲ್ಲಿ ಬೇಸ್ ಹುಚ್ಚು ಕುದುರೆಯಂತೆ ನೆಗೆಯುತ್ತಿತ್ತು. ತಾರಿಣಿಯ ಕಾಲು ತಾನಾಗಿ ತಾಳ ಹಾಕಿತು.

"ಅದರ ಹಿಂದೆ ಏನಿದೆ, ಕೇಳು."

ಅವಳಿಗೇನೂ ಕೇಳಲಿಲ್ಲ. ಮಾಸ್ಟರು ಮತ್ತೆ ಹಾಕಿದರು.

ಆಗ ಕೇಳಿತು. ಕೀಬೋರ್ಡಿನಲ್ಲಿ ಪುಟ್ಟದೊಂದು ಪ್ರಶ್ನೆಯಂತೆ ಕೆಲವು ಸ್ವರ. ಉತ್ತರಕ್ಕೆ ಕಾದವು. ಇನ್ನೊಮ್ಮೆ ಕೇಳಿದವು. ಬೇಸ್ ಅವುಗಳನ್ನು ತುಳಿದುಕೊಂಡೇ ಹೋಯಿತು. ಆಮೇಲೆ ಕೀಬೋರ್ಡ್ ಸೊಲ್ಲೆತ್ತಲಿಲ್ಲ. ಟ್ಯೂನ್ ಮುಗಿಯುವ ತನಕ ಕೂಲಿಯವನಂತೆ ಬರೇ ಲಯ ಹಿಡಿದುಕೊಂಡಿತ್ತು.

ಅದನ್ನು ನುಡಿಸಿದವನು ಮುರಾದ್. ಹೋದ ತಿಂಗಳು ಕಾರಣ ಹೇಳದೆ ಅವಳ ತಂಡ ಬಿಟ್ಟಿದ್ದ.

ತಾರಿಣಿಯ ಮುಖ ಸಣ್ಣದಾಯಿತು. "ಇದನ್ನು ಯಾವಾಗ ನುಡಿಸಿದ?"

"ನೀನು ಪಕ್ಕದಲ್ಲೇ ನಿಂತಿದ್ದಾಗ."

"ಬಾಯಿಬಿಟ್ಟು ಹೇಳಬಹುದಿತ್ತಲ್ಲ!"

"ಇನ್ನು ಹೇಗೆ ಹೇಳಬೇಕಿತ್ತು?" ಮಾಸ್ಟರ ದನಿಯೂ ಏರಿತು. "ಬಾಜಿಸುವವನು ಬಾಜಿಸಿಯೇ ಹೇಳಿದ. ಎರಡು ಸಲ!"

ಅವಳು ತಲೆ ತಗ್ಗಿಸಿದಳು. ಆದರೆ ಸೋಲೊಪ್ಪುವ ಜಾತಿಯಲ್ಲ. ಕಣ್ಣು ಒರೆಸಿಕೊಂಡು ಕೇಳಿದಳು:

"ಅದು ತಪ್ಪೇ. ಆದರೂ ನನಗಾದದ್ದು ಅನ್ಯಾಯವಲ್ಲವೇ? ನಾನು ಸಿಟ್ಟಾಗಬಾರದೇ, ಮಾಸ್ಟರೇ?"

"ಅನ್ಯಾಯವೇ. ಸಿಟ್ಟಾಗು," ಎಂದರು ಮಾಸ್ಟರು. "ಆದರೆ ಸರದಿಯಲ್ಲಿ ನಿಂತುಕೋ. ನಿನಗಿಂತ ಮುಂದೆ ಮುರಾದ್ ನಿಂತಿದ್ದಾನೆ."